ಚಂದ್ರಮಂಡಲದ ಒಂದು ಹಾಳುಕೋಟೆ: ಫ್ರಾ ಮೌರೊ

ಶುಕ್ಲಪಕ್ಷದ ಅಷ್ಟಮಿ ಕಳೆದು ಒಂದೆರಡು ದಿನಗಳಾದ ಮೇಲೆ, ಸಣ್ಣದೊಂದು ದೂರದರ್ಶಕವನ್ನು ಚಂದ್ರನ ಕಡೆಗೆ ತಿರುಗಿಸಿ ನೋಡುವವರು ಸಾಮಾನ್ಯವಾಗಿ ಎರಡು ನೋಟಗಳಿಗೆ ಮರುಳಾಗುತ್ತಾರೆ. ಬಿಂಬದ ನಡುಭಾಗದಲ್ಲಿ ಸಾಲಾಗಿ ನಿಂತಿರುವ ಟಾಲೆಮಿ, ಅಲ್ಫಾನ್ಸಸ್, ಅರ್ಜಾಕೆಲ್ ಎಂಬ ಮೂರು ಮಹಾಕುಳಿಗಳು ಒಂದು. ಅವುಗಳ ವಾಯವ್ಯದಲ್ಲಿ ಹೊಸದಾಗಿ ಕಟ್ಟಿದ ಕೋಟೆಯಂತೆ ಮೆಟ್ಟಿಲುಮೆಟ್ಟಿಲಾದ ಗೋಡೆಗಳಿಂದ ಮೆರೆಯುವ ಕೊಪರ್ನಿಕಸ್ ಇನ್ನೊಂದು. ಇವೆರಡರ ಮಧ್ಯೆ, ಕೊಪರ್ನಿಕಸ್ಸಿಗೆ ದಕ್ಷಿಣದಲ್ಲಿ, ಮಾಸಿದ ಉಂಗುರದಂತಹ ಒಂದು ಗುರುತಿದೆ. ಅದರ ಮೇಲೆ ದೃಷ್ಟಿ ನಿಲ್ಲುವುದಿಲ್ಲ. ಒಂದೆರಡು ದಿನ ಕಳೆದು ಬಿಸಿಲು ಏರಿತೆಂದರೆ, ನೆರಳುಗಳೆಲ್ಲ ಅಡಗಿ, ಅಲ್ಲಿ ಕುಳಿಯೊಂದು ಇತ್ತೆಂಬುದೇ ತಿಳಿಯದೆ ಹೋಗುತ್ತದೆ. ಈ ಲೇಖನವು ಕಣ್ಣಿಗೆ ಬೀಳದ ಆ ಉಂಗುರವನ್ನು ಕುರಿತದ್ದು. ಅದರ ಹೆಸರು ಫ್ರಾ ಮೌರೊ.

ನಮ್ಮ ನಾಡಿನಲ್ಲಿ ಪಾಳೆಯಗಾರರ ಕಾಲದ ಮಣ್ಣಿನ ಕೋಟೆಗಳನ್ನು ಕಂಡವರಿಗೆ ಇದರ ಸ್ಥಿತಿಯನ್ನು ವಿವರಿಸುವುದು ಕಷ್ಟವಲ್ಲ. ಒಂದು ಕಡೆ ಗೋಡೆ ಎದೆಯೆತ್ತರ ನಿಂತಿರುತ್ತದೆ. ಇನ್ನೊಂದು ಕಡೆ ಬರಿಯ ದಿಣ್ಣೆ. ಮತ್ತೊಂದು ಕಡೆ ಊರ ದನಗಳು ದಾಟಿ ದಾಟಿ ನೆಲಸಮವಾದ ಕಂಡಿ. ಸುಮಾರು 95 ಕಿಲೋಮೀಟರು ವ್ಯಾಸವುಳ್ಳ ಈ ಕುಳಿಯ ಸುತ್ತುಗೋಡೆ ಅತ್ಯಂತ ಎತ್ತರವಾದ ಸ್ಥಳದಲ್ಲಿಯೂ ಸುಮಾರು 700 ಮೀಟರನ್ನು ಮೀರುವುದಿಲ್ಲ. ಇಷ್ಟೇ ದೊಡ್ಡದಾದ ಕೊಪರ್ನಿಕಸ್ಸಿನ ಗೋಡೆಗಳಾದರೋ ಒಳನೆಲದಿಂದ ಮೂರು ನಾಲ್ಕು ಸಾವಿರ ಮೀಟರು ಏರಿವೆ. ಫ್ರಾ ಮೌರೊವಿನ ದಕ್ಷಿಣದ ಗೋಡೆಯನ್ನು ಎರಡು ಚಿಕ್ಕ ಕುಳಿಗಳು ಕೊರೆದುಕೊಂಡು ಒಳಕ್ಕೆ ನುಗ್ಗಿವೆ. ನೈಋತ್ಯದ ಮೂಲೆಯದು ಬೋಂಪ್ಲಾನ್, ಆಗ್ನೇಯದ್ದು ಪ್ಯಾರಿ. ಇನ್ನೂ ದಕ್ಷಿಣಕ್ಕೆ ಗೇರಿಕೆ ಎಂಬ ಮತ್ತೊಂದು ಒಡಕು ಕುಳಿ. ಒಳನೆಲದ ಉದ್ದಕ್ಕೂ ಸಣ್ಣ ಸಣ್ಣ ಸೀಳುಗಾಲುವೆಗಳು ಹರಿದಿವೆ. ನೀರು ಹರಿದು ಆದುವಲ್ಲ, ನೆಲ ಬಿರಿದು ಆದುವು. ನೈಋತ್ಯದಲ್ಲಿ ಕಪ್ಪಾದ ಲಾವಾ ಬಯಲೊಂದಿದೆ. 1964ರ ಜುಲೈ 31ರಂದು ರೇಂಜರ್ 7 ಎಂಬ ಅಮೆರಿಕದ ನೌಕೆಯು ನಾಲ್ಕು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಕಳುಹಿಸುತ್ತ ಆ ಬಯಲಿಗೆ ಅಪ್ಪಳಿಸಿತು. ಆ ಚಿತ್ರಗಳಿಂದ ಪರಿಚಯವಾಯಿತೆಂದು ಅದಕ್ಕೆ 'ತಿಳಿದ ಸಮುದ್ರ' ಎಂಬರ್ಥದ ಲ್ಯಾಟಿನ್ ಹೆಸರನ್ನು ಕೊಟ್ಟರು.

ಈ ನೆರೆಹೊರೆಯ ಹೆಸರುಗಳು ಒಂದು ವಿಚಿತ್ರವಾದ ಕೂಟ. ಬೋಂಪ್ಲಾನನು ಹಂಬೋಲ್ಟನೊಡನೆ ದಕ್ಷಿಣ ಅಮೆರಿಕದ ಕಾಡುಗಳನ್ನು ಸುತ್ತಿದ ಫ್ರೆಂಚ್ ಸಸ್ಯಶಾಸ್ತ್ರಜ್ಞ. ಪ್ಯಾರಿಯು ಉತ್ತರ ಧ್ರುವದ ಹಿಮಸಾಗರದಲ್ಲಿ ದಾರಿ ಹುಡುಕಿದ ಇಂಗ್ಲಿಷ್ ನಾವಿಕ. ಗೇರಿಕೆಯು ಎರಡು ಲೋಹದ ಅರ್ಧಗೋಳಗಳನ್ನು ಜೋಡಿಸಿ, ಒಳಗಿನ ಗಾಳಿಯನ್ನು ತೆಗೆದು, ಕುದುರೆಗಳಿಂದ ಎಳೆಯಿಸಿಯೂ ಅವು ಬೇರೆಯಾಗದಿದ್ದುದನ್ನು ತೋರಿಸಿದ ಜರ್ಮನಿಯ ಪಂಡಿತ. ಗಾಳಿಯೇ ಇಲ್ಲದ ಲೋಕದಲ್ಲಿ ಶೂನ್ಯವನ್ನು ಶೋಧಿಸಿದವನಿಗೆ ಒಂದು ಜಹಗೀರು ದೊರೆತುದು ನ್ಯಾಯವೇ ಸರಿ. ಇವರೆಲ್ಲರಿಗಿಂತ ದೊಡ್ಡ ಕುಳಿಯನ್ನು ಪಡೆದ ಫ್ರಾ ಮೌರೊ ಮಾತ್ರ ಪ್ರವಾಸಕ್ಕಾಗಿ ಪ್ರಸಿದ್ಧನಾದವನಲ್ಲ. ಮಠದಲ್ಲಿ ಕುಳಿತು ನಕಾಶೆ ಬರೆದವನು.

'ಫ್ರಾ' ಎಂದರೆ ಇಟಲಿಯ ಭಾಷೆಯಲ್ಲಿ ಸನ್ಯಾಸಿ ಸಹೋದರನೆಂದು ಅರ್ಥ. ವೆನಿಸ್ ಪಟ್ಟಣದ ಬಳಿ, ಮುರಾನೊ ದ್ವೀಪಕ್ಕೆ ಸಮೀಪವಾಗಿ, ಸಾನ್ ಮಿಕೇಲೆ ಎಂಬ ಸಣ್ಣ ನಡುಗಡ್ಡೆಯಿದೆ. ಈಗ ಅದು ಆ ಪಟ್ಟಣದ ರುದ್ರಭೂಮಿ. ಹದಿನೈದನೆಯ ಶತಮಾನದಲ್ಲಿ ಅಲ್ಲಿ ಕಮಾಲ್ಡೊಲಿ ಪಂಥದವರ ಮಠವಿದ್ದಿತು. ಮೌರೊ ಆ ಮಠದವನು. ಪೋರ್ತುಗಲ್ಲಿನ ದೊರೆ ಐದನೆಯ ಅಫೊನ್ಸೊ ಅವನಿಂದ ಜಗತ್ತಿನ ಒಂದು ದೊಡ್ಡ ನಕಾಶೆಯನ್ನು ಬರೆಯಿಸಿದನು. 1459ರಲ್ಲಿ ಅದನ್ನು ಪೋರ್ತುಗಲ್ಲಿಗೆ ಕಳುಹಿಸಿದರು; ಅದು ಮುಂದೆ ಕಾಣೆಯಾಯಿತು. ವೆನಿಸ್ಸಿನಲ್ಲಿ ಉಳಿದ ಪ್ರತಿಯೊಂದು ಇಂದಿಗೂ ಅಲ್ಲಿಯ ಮಾರ್ಚಿಯಾನ ಪುಸ್ತಕಭಂಡಾರದಲ್ಲಿದೆ. ಚರ್ಮಪತ್ರದ ಮೇಲೆ ಬರೆದ ಗುಂಡಗಿನ ನಕಾಶೆ. ಅಡ್ಡಗಲ ಎರಡು ಮೀಟರಿಗೆ ಸ್ವಲ್ಪ ಕಡಮೆ. ಅದರ ತುಂಬ ಸುಮಾರು ಮೂರು ಸಾವಿರ ಬರಹಗಳು. ಅದರಲ್ಲಿ ದಕ್ಷಿಣ ದಿಕ್ಕು ಮೇಲಕ್ಕೂ ಉತ್ತರ ದಿಕ್ಕು ಕೆಳಕ್ಕೂ ಇವೆ. ದೂರದರ್ಶಕದಲ್ಲಿ ಬಿಂಬ ತಲೆಕೆಳಗಾಗಿ ಕಾಣುವುದರಿಂದ ಚಂದ್ರನ ನಕಾಶೆಗಳನ್ನೂ ಬಹುಕಾಲ ಹೀಗೆಯೇ ದಕ್ಷಿಣವನ್ನು ಮೇಲಿಟ್ಟು ಬರೆಯುತ್ತಿದ್ದರೆಂಬುದು ಇಲ್ಲಿ ನೆನಪಿಗೆ ಬರುತ್ತದೆ. ಇದು ಕಾಕತಾಳೀಯವೇ ಹೊರತು ಬೇರೇನಲ್ಲ.

ಈ ಸನ್ಯಾಸಿಯ ಹೆಚ್ಚುಗಾರಿಕೆ ಯಾವುದು? ಅವನ ಕಾಲದ ಪಂಡಿತರಿಗೆ ಟಾಲೆಮಿ ಬರೆದದ್ದೇ ಪ್ರಮಾಣ. ಹಿಂದೂ ಮಹಾಸಾಗರವು ನಾಲ್ಕು ಕಡೆಯೂ ನೆಲದಿಂದ ಆವೃತವಾದ ಕೊಳವೆಂದು ಟಾಲೆಮಿಯ ಮತ. ಫ್ರಾ ಮೌರೊ ಆ ಮತವನ್ನು ಬಿಟ್ಟುಕೊಟ್ಟನು. ಕಣ್ಣಾರೆ ಕಂಡು ಬಂದ ನಂಬಿಕಸ್ಥರ ಮಾತನ್ನು ಪುಸ್ತಕದ ಮಾತಿಗಿಂತ ಮೇಲೆಂದು ಎಣಿಸಿ, ಆಫ್ರಿಕವನ್ನು ಬಳಸಿ ಬರಲು ಸಾಧ್ಯವಾಗುವಂತೆ ಕಡಲನ್ನು ಬಿಡಿಸಿ ಬರೆದನು. 1420ರ ಸುಮಾರಿನಲ್ಲಿ ಹಿಂದೂಸ್ಥಾನದ ಕಡೆಯ ಹಡಗೊಂದು ದ್ಯಾಬ್ ಎಂಬ ಭೂಶಿರವನ್ನು ಕಳೆದು ನಲವತ್ತು ದಿನ ಪಶ್ಚಿಮದ ಕಡೆಗೆ ಓಡಿ, ನೀರು ಗಾಳಿಗಳ ಹೊರತು ಮತ್ತೇನನ್ನೂ ಕಾಣದೆ ಹಿಂದಿರುಗಿತೆಂಬ ವೃತ್ತಾಂತವನ್ನು ಅಲ್ಲಿಯೇ ಗುರುತುಹಾಕಿದನು. ವಾಸ್ಕೊ ಡ ಗಾಮನು ಕಲ್ಲಿಕೋಟೆಗೆ ಬಂದದ್ದು ಇದಕ್ಕೆ ಸುಮಾರು ನಲವತ್ತು ವರ್ಷಗಳ ತರುವಾಯ, 1498ರಲ್ಲಿ.

ಆ ನಂಬಿಕಸ್ಥರಲ್ಲಿ ಒಬ್ಬನು ನಮ್ಮ ನಾಡಿನ ಚರಿತ್ರೆಯನ್ನು ಓದಿದವರಿಗೆಲ್ಲ ಪರಿಚಿತನು. ವೆನಿಸ್ಸಿನ ವರ್ತಕ ನಿಕೊಲೊ ಕೊಂಟಿ 1420ರ ಸುಮಾರಿನಲ್ಲಿ ಪಶ್ಚಿಮದ ಕರಾವಳಿಯಿಂದ ಒಳನಾಡಿಗೆ ಪಯಣಮಾಡಿ ವಿಜಯನಗರವನ್ನು ಕಂಡನು. ಆಗ ಒಂದನೆಯ ದೇವರಾಯನ ಆಳ್ವಿಕೆ ನಡೆಯುತ್ತಿದ್ದಿತೆಂದು ಎಣಿಸುತ್ತಾರೆ. ಪಟ್ಟಣದ ಸುತ್ತಳತೆ ಅರುವತ್ತು ಮೈಲಿ, ಕೋಟೆಗೋಡೆಗಳು ಬೆಟ್ಟಗಳ ಮೇಲಕ್ಕೂ ಹತ್ತಿ ಹೋಗಿವೆ, ಆಯುಧ ಹಿಡಿಯಬಲ್ಲ ತೊಂಬತ್ತು ಸಾವಿರ ಜನರಿದ್ದಾರೆ ಎಂದು ಹೇಳಿದವನು ಇವನೇ. ದೇಶಾಂತರದಲ್ಲಿ ಹೆಂಡಿರು ಮಕ್ಕಳ ಪ್ರಾಣಕ್ಕಾಗಿ ಕ್ರೈಸ್ತಮತವನ್ನು ಬಿಟ್ಟಿದ್ದ ಕೊಂಟಿ, ಊರಿಗೆ ಮರಳಿದ ಮೇಲೆ ಪೋಪನಲ್ಲಿ ಕ್ಷಮೆ ಬೇಡಿದನು. ತನ್ನ ಪ್ರವಾಸವನ್ನೆಲ್ಲ ಪೋಪನ ಕಾರ್ಯದರ್ಶಿ ಪೊಜ್ಜೊ ಬ್ರಾಚೊಲಿನಿಗೆ ಯಥಾರ್ಥವಾಗಿ ಹೇಳಿ ಬರೆಯಿಸಬೇಕೆಂದು ಪ್ರಾಯಶ್ಚಿತ್ತ ವಿಧಿಸಲಾಯಿತೆಂದು ಹೇಳುತ್ತಾರೆ. ಪ್ರಾಯಶ್ಚಿತ್ತಗಳಲ್ಲಿ ಇದಕ್ಕಿಂತ ಲೋಕೋಪಕಾರಿಯಾದುದು ನನಗೆ ತಿಳಿಯದು. ಫ್ರಾ ಮೌರೊ ತನ್ನ ನಕಾಶೆಯಲ್ಲಿ ಕೊಂಟಿಯ ಹೆಸರನ್ನು ಎಲ್ಲಿಯೂ ಹೇಳಿಲ್ಲ. ಆದರೂ ಸುಮಾತ್ರವೇ ಹಳಬರ ತಾಪ್ರೊಬೇನೆಂದು ಗುರುತಿಸಿರುವುದು ಮುಂತಾದ ಸಂಗತಿಗಳನ್ನು ನೋಡಿ, ಹಿಂದೂಸ್ಥಾನ ಮತ್ತು ಪೂರ್ವದ್ವೀಪಗಳ ವಿಷಯವನ್ನು ಅವನು ಬಹುಮಟ್ಟಿಗೆ ಕೊಂಟಿಯಿಂದ ಪಡೆದನೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಹಂಪೆಯ ಬೀದಿಗಳಲ್ಲಿ ನಡೆದು ಹೋದವನ ಮಾತು ಕೇಳಿ ಜಗತ್ತನ್ನು ಬರೆದ ಸನ್ಯಾಸಿಯ ಹೆಸರು ಚಂದ್ರನ ಹಾಳುಕೋಟೆಯೊಂದಕ್ಕೆ ಅಂಟಿಕೊಂಡಿದೆ.

ಇನ್ನು ಕೋಟೆ ಹಾಳಾದ ಬಗೆ. ಚಂದ್ರನಲ್ಲಿ ಮಳೆಯಿಲ್ಲ, ಗಾಳಿಯಿಲ್ಲ, ಹೊಳೆಯಿಲ್ಲ, ಬೇರು ಬಿಟ್ಟು ಕಲ್ಲು ಸೀಳುವ ಆಲದ ಗಿಡವೂ ಇಲ್ಲ. ಹಾಗಿದ್ದಲ್ಲಿ ಗೋಡೆಗಳನ್ನು ಸವೆಯಿಸಿದವರಾರು? ಸಣ್ಣ ದೊಡ್ಡ ಉಲ್ಕೆಗಳ ಏಟೇ ಅಲ್ಲಿಯ ಮಳೆ. ಸಾಸುವೆಗಿಂತ ಸಣ್ಣದಾದ ಕಣಗಳು ಕೋಟ್ಯಂತರ ವರ್ಷ ಬಡಿದು ಬಡಿದು ಬಂಡೆಯನ್ನು ಪುಡಿಮಾಡುತ್ತವೆ. ಈ ಕೆಲಸ ಬಲು ನಿಧಾನ. ಹತ್ತು ಲಕ್ಷ ವರ್ಷಕ್ಕೆ ಒಂದು ಮಿಲಿಮೀಟರಿನಷ್ಟು ಸವೆತವೆಂದು ಲೆಕ್ಕ. ಆದರೆ ಫ್ರಾ ಮೌರೊವನ್ನು ಕೆಡಿಸಿದ್ದು ಮುಖ್ಯವಾಗಿ ಈ ತುಂತುರು ಮಳೆಯಲ್ಲ. ಅದು ಒಂದೇ ದಿನದ ಅನಾಹುತ.

ಈ ಸಂಗತಿಯ ಎಳೆಯನ್ನು ಮೊದಲು ಹಿಡಿದವನು ಗ್ರೋವ್ ಕಾರ್ಲ್ ಗಿಲ್ಬರ್ಟ್. ಅವನು ಅಮೆರಿಕದ ಭೂವಿಜ್ಞಾನ ಇಲಾಖೆಯ ಹಿರಿಯ ಪಂಡಿತ. 1892ರಲ್ಲಿ ವಾಷಿಂಗ್‌ಟನ್ನಿನ ನೌಕಾ ವೀಕ್ಷಣಾಲಯದಲ್ಲಿ ಕುಳಿತು ಅನೇಕ ರಾತ್ರಿ ಚಂದ್ರನನ್ನು ನೋಡಿದನು. ಇಲಾಖೆಯ ದೊಡ್ಡ ಅಧಿಕಾರಿಗೆ ರಾತ್ರಿಯೆಲ್ಲ ಬಾಯಿಬಿಟ್ಟುಕೊಂಡು ಚಂದ್ರನನ್ನು ನೋಡುವುದಲ್ಲದೆ ಬೇರೆ ಕೆಲಸವಿಲ್ಲವೆಂದು ಶಾಸನಸಭೆಯ ಸದಸ್ಯನೊಬ್ಬನು ಮೂದಲಿಸಿದನಂತೆ. ಚಂದ್ರನ ಉತ್ತರಾರ್ಧದಲ್ಲಿ ಇಂಬ್ರಿಯಂ, ಎಂದರೆ 'ಮಳೆಗಳ ಸಮುದ್ರ' ಎಂಬ ವಿಶಾಲವಾದ ಕಪ್ಪು ಬಯಲಿದೆ. ದೂರದೂರದ ಬೆಟ್ಟಗಳ ಮೇಲಿನ ಗೀರುಗಳೂ ಕಣಿವೆಗಳೂ ಆ ಒಂದು ಬಯಲಿನ ಕಡೆಗೇ ಮುಖಮಾಡಿರುವುದನ್ನು ಗಿಲ್ಬರ್ಟನು ಕಂಡನು. ಯಾವುದೋ ಮಹಾವಸ್ತು ಅಲ್ಲಿ ಬಂದು ಅಪ್ಪಳಿಸಿದೆ. ಅದರಿಂದ ಸಿಡಿದ ಅವಶೇಷ ಎಲ್ಲ ದಿಕ್ಕಿಗೂ ಹಾರಿ ನೆಲವನ್ನು ಗೀರಿದೆ ಮತ್ತು ಮುಚ್ಚಿದೆ ಎಂದು 1893ರಲ್ಲಿ ಪ್ರಕಟಿಸಿದನು. ವಿನೋದವೇನೆಂದರೆ, ಎರಡೂವರೆ ಲಕ್ಷ ಮೈಲಿ ದೂರದ ಕುಳಿಗಳನ್ನು ಸರಿಯಾಗಿ ಓದಿದ ಇವನೇ, ತನ್ನ ದೇಶದ ಆರಿಜೋನದಲ್ಲಿ ಉಲ್ಕೆ ಬಿದ್ದು ಆದ ಕುಳಿಯನ್ನು ಸ್ವತಃ ಅಳೆದು ನೋಡಿಯೂ, ಅದು ಉಗಿಯ ಸ್ಫೋಟದಿಂದ ಆದದ್ದೆಂದು ತೀರ್ಪುಕೊಟ್ಟನು. ಅವನ ಚಂದ್ರಲೇಖನವನ್ನು ಖಗೋಳಜ್ಞರಲ್ಲಿ ಓದಿದವರು ವಿರಳ. 1949ರಲ್ಲಿ ರಾಲ್ಫ್ ಬಾಲ್ಡ್‌ವಿನ್ನನ ಗ್ರಂಥ ಹೊರಬಂದ ಮೇಲೆಯೇ ಈ ವಾದಕ್ಕೆ ಜೀವ ಬಂದಿತು.

1960ರ ದಶಕದಲ್ಲಿ ಅಮೆರಿಕದ ಭೂವಿಜ್ಞಾನಿಗಳು ಚಂದ್ರನ ಸ್ತರಗಳನ್ನು ವಿಂಗಡಿಸುವಾಗ, ಇಂಬ್ರಿಯಮ್ಮಿನಿಂದ ಸಿಡಿದು ಬಿದ್ದ ಹೊದಿಕೆಯನ್ನು ಈ ಕುಳಿಯ ಸುತ್ತಣ ದಿಬ್ಬಗಳಲ್ಲಿ ಗುರುತಿಸಿ, ಅದಕ್ಕೆ 'ಫ್ರಾ ಮೌರೊ ಸ್ತರ' ಎಂದು ಹೆಸರಿಟ್ಟರು. ಇಂಬ್ರಿಯಂ ಹಳ್ಳದ ವ್ಯಾಸ 1,100 ಕಿಲೋಮೀಟರಿಗೂ ಹೆಚ್ಚು. ಅದರ ಅಂಚಿನಿಂದ ಫ್ರಾ ಮೌರೊ ಪ್ರದೇಶಕ್ಕೆ ಸುಮಾರು 550 ಕಿಲೋಮೀಟರು. ಅಷ್ಟು ದೂರದಿಂದ ಬಂದ ಕಲ್ಲುಮಣ್ಣಿನ ಪ್ರವಾಹದಲ್ಲಿ ಆ ಹಳೆಯ ಕುಳಿ ಮುಳುಗಿಹೋಯಿತು. ಅದನ್ನು ಸವೆದ ಕುಳಿ ಎನ್ನುವುದಕ್ಕಿಂತ ಹೂತ ಕುಳಿ ಎನ್ನುವುದೇ ಸರಿ. ಆದರೆ ಇದೆಲ್ಲ ದೂರದಿಂದ ನೋಡಿ ಮಾಡಿದ ಊಹೆ. ಈ ದಿಬ್ಬಗಳು ಲಾವಾ ಹರಿದು ಹೆಪ್ಪುಗಟ್ಟಿದವೇ ಆಗಿರಬಾರದೇಕೆ ಎಂದು ಕೇಳುವವರೂ ಇದ್ದರು. ಅದೇ ಹೊದಿಕೆಯೆಂದು ಸಿದ್ಧವಾಗಿ, ಅದರ ಕಾಲ ತಿಳಿದರೆ, ಇಂಬ್ರಿಯಮ್ಮಿನ ಕಾಲ ತಿಳಿದಂತಾಯಿತು. ಇಂಬ್ರಿಯಮ್ಮಿನ ಕಾಲ ತಿಳಿದರೆ ಚಂದ್ರನ ಚರಿತ್ರೆಗೆಲ್ಲ ಒಂದು ಶಕವರ್ಷ ದೊರೆತಂತಾಯಿತು. ಶಾಸನದಲ್ಲಿ ತೇದಿಯ ಭಾಗವೇ ಮುರಿದುಹೋಗಿದ್ದರೆ ಚರಿತ್ರಕಾರನು ಪಡುವ ಪಾಡನ್ನು ಬಲ್ಲವರಿಗೆ ಈ ಪ್ರಶ್ನೆಯ ತೂಕ ತಿಳಿಯದಿರದು. ಕಲ್ಲನ್ನು ಕೈಯಲ್ಲಿ ಹಿಡಿದು ನೋಡಿದ ಹೊರತು ಅದಕ್ಕೆ ಉತ್ತರವಿರಲಿಲ್ಲ.

1970ರ ಏಪ್ರಿಲ್ 11ರಂದು ಅಪೊಲೊ 13 ಹೊರಟದ್ದು ಈ ಸ್ಥಳಕ್ಕೇ. ದಾರಿಯಲ್ಲಿ ಆಮ್ಲಜನಕದ ತೊಟ್ಟಿಯೊಂದು ಸಿಡಿದು, ಲವೆಲ್, ಸ್ವೈಗರ್ಟ್, ಹೇಯ್ಸ್ ಎಂಬ ಮೂವರೂ ಪ್ರಾಣ ಉಳಿಸಿಕೊಂಡು ಏಪ್ರಿಲ್ 17ರಂದು ಹಿಂದಿರುಗಿದ ಕಥೆ ಪ್ರಸಿದ್ಧವಾಗಿದೆ. ಮುಂದಿನ ಯಾನವು ಬೇರೆ ಸ್ಥಳಕ್ಕೆ ಹೋಗಬೇಕಾಗಿದ್ದಿತು. ಆದರೆ ಫ್ರಾ ಮೌರೊವನ್ನು ಬಿಟ್ಟುಬಿಡಲು ವಿಜ್ಞಾನಿಗಳಿಗೆ ಮನಸ್ಸು ಬರಲಿಲ್ಲ. 1971ರ ಜನವರಿ 31ರಂದು ಹೊರಟ ಅಪೊಲೊ 14ಕ್ಕೆ ಅದನ್ನೇ ಗೊತ್ತುಮಾಡಿದರು. ಫೆಬ್ರವರಿ 5ರಂದು ಅಲನ್ ಶೆಪರ್ಡ್, ಎಡ್ಗರ್ ಮಿಚೆಲ್ ಇಬ್ಬರೂ ಹಳೆಯ ಕುಳಿಯ ಉತ್ತರದ ಅಂಚಿನ ಆಚೆಗೆ ಇಳಿದರು. ಸ್ಟುವರ್ಟ್ ರೂಸಾ ಮೇಲೆ ಚಂದ್ರನನ್ನು ಸುತ್ತುತ್ತಿದ್ದನು. ಅಮೆರಿಕದವರಲ್ಲಿ ಮೊಟ್ಟಮೊದಲು, 1961ರಲ್ಲಿ, ಅಂತರಿಕ್ಷಕ್ಕೆ ಏರಿದವನು ಶೆಪರ್ಡನೇ. ಆಮೇಲೆ ಕಿವಿಯ ರೋಗದಿಂದ ತಲೆಸುತ್ತು ಬಂದು ವರ್ಷಾನುಗಟ್ಟಲೆ ಹಾರಾಟವಿಲ್ಲದೆ ಇದ್ದು, ಶಸ್ತ್ರಚಿಕಿತ್ಸೆಯಿಂದ ಗುಣಹೊಂದಿ, ನಲವತ್ತೇಳನೆಯ ವಯಸ್ಸಿನಲ್ಲಿ ಅಲ್ಲಿಗೆ ಬಂದಿದ್ದನು.

ಅವರ ಮುಖ್ಯ ಗುರಿ 'ಕೋನ್' ಎಂಬ ಎಳೆಯ ಕುಳಿಯ ಅಂಚು. ಅದು ಸುಮಾರು 340 ಮೀಟರು ಅಗಲದ್ದು, ದಿಬ್ಬವೊಂದರ ನೆತ್ತಿಯಲ್ಲಿದೆ. ಪ್ರಕೃತಿಯೇ ತೋಡಿಕೊಟ್ಟ ಬಾವಿಯಂತೆ ಅದು ಮೇಲಿನ ಪುಡಿಮಣ್ಣನ್ನು ತೂರಿ ಅಡಿಯ ಸ್ತರದ ಕಲ್ಲುಗಳನ್ನು ಅಂಚಿನ ಮೇಲೆ ಎಸೆದಿದೆ. ಬಾವಿ ತೋಡಿಸುವಾಗ ಕೊನೆಗೆ ಬಂದ ಕಲ್ಲು ದಡದ ಹತ್ತಿರವೇ ಬೀಳುವುದಷ್ಟೆ. ಆದುದರಿಂದ ಅಂಚಿಗೆ ಹೋದಷ್ಟೂ ಆಳದ ಕಲ್ಲು ಸಿಕ್ಕುವುದು. ಇಳಿದ ಮರುದಿನ, ಎರಡು ಗಾಲಿಯ ಕೈಬಂಡಿಯೊಂದನ್ನು ಎಳೆದುಕೊಂಡು ಇಬ್ಬರೂ ಹೊರಟರು. ದೂರ ಒಂದೂವರೆ ಕಿಲೋಮೀಟರಿಗೂ ಕಡಮೆ. ನಮ್ಮ ಹಳ್ಳಿಯ ಮುದುಕರು ಸಂತೆಗೆ ಇದರ ಮೂರರಷ್ಟು ನಡೆಯುತ್ತಾರೆ.

ಆದರೂ ಅವರು ದಾರಿ ತಪ್ಪಿದರು. ಕೈಯಲ್ಲಿ ನಕಾಶೆಯಿದ್ದಿತು; ಮೇಲಿನಿಂದ ತೆಗೆದ ಚಿತ್ರಗಳಿಂದ ಮಾಡಿದ ಒಳ್ಳೆಯ ನಕಾಶೆ. ಆದರೆ ಅಳತೆಗೆ ಮರವಿಲ್ಲ, ಮನೆಯಿಲ್ಲ, ಮನುಷ್ಯನಿಲ್ಲ. ಗಾಳಿಯಿಲ್ಲದುದರಿಂದ ದೂರದ ವಸ್ತು ಮಬ್ಬಾಗದು. ಹತ್ತಿರದ ಸಣ್ಣ ಬಂಡೆಯೋ ದೂರದ ದೊಡ್ಡ ಬಂಡೆಯೋ ತಿಳಿಯದು. ನೆಲವೆಲ್ಲ ಏರುತಗ್ಗು. ಇದೇ ಅಂಚು ಎಂದು ಹತ್ತಿದರೆ ಅದರಾಚೆಗೆ ಇನ್ನೊಂದು ದಿಣ್ಣೆ. ಬಂಡಿಯನ್ನು ಎಳೆಯಲಾರದೆ ಇಬ್ಬರೂ ಹಿಂದೆ ಮುಂದೆ ಹಿಡಿದು ಹೊತ್ತರು. ಎದೆಬಡಿತ ನಿಮಿಷಕ್ಕೆ ನೂರೈವತ್ತರ ತನಕ ಏರಿತು. ಹ್ಯೂಸ್ಟನ್ನಿನಲ್ಲಿದ್ದವರು ಅರ್ಧ ಗಂಟೆ ಹೆಚ್ಚಿಗೆ ಕೊಟ್ಟರು, ಅದೂ ಸಾಲಲಿಲ್ಲ. ಮುಂದಕ್ಕೆ ಹೋಗೋಣವೆಂದು ಮಿಚೆಲ್ ಬಲವಾಗಿ ಬಯಸಿದನು. ಕೊನೆಗೆ ಅಂಚನ್ನು ಕಾಣದೆಯೇ, ಅಲ್ಲಿದ್ದ ಬಂಡೆಗಳ ಚೂರುಗಳನ್ನು ಆರಿಸಿಕೊಂಡು ಹಿಂದಿರುಗಿದರು. ನಕಾಶೆ ಬರೆದವನ ಹೆಸರಿನ ನೆಲದಲ್ಲಿ ನಕಾಶೆ ಹಿಡಿದವರು ದಾರಿಗಾಣದೆ ನಿಂತರು.

ಹೊರಡುವ ಮುನ್ನ ಶೆಪರ್ಡನು ಮಣ್ಣು ಕೆದಕುವ ಸಲಕರಣೆಗೆ ಗಾಲ್ಫ್ ಕೋಲಿನ ತಲೆಯೊಂದನ್ನು ಸಿಕ್ಕಿಸಿ ಎರಡು ಚೆಂಡುಗಳನ್ನು ಹೊಡೆದನು. ಇಂದಿಗೂ ಅಪೊಲೊ 14 ಎಂದರೆ ಲೋಕಕ್ಕೆ ನೆನಪಾಗುವುದು ಆ ಚೆಂಡು. ತಂದ ಕಲ್ಲುಗಳಲ್ಲಿ ಕೆಲವನ್ನು ಎಲ್ಲಿ ಹೇಗೆ ಬಿದ್ದಿದ್ದುವೆಂದು ಸರಿಯಾಗಿ ಚಿತ್ರ ತೆಗೆದು ಗುರುತಿಸಲಿಲ್ಲವೆಂದು ಭೂವಿಜ್ಞಾನಿಗಳಲ್ಲಿ ಹಲವರು ನೊಂದುಕೊಂಡರು. ಅವರ ದೂರು ನ್ಯಾಯವಾದುದೆಂದು ನನ್ನ ಮತ. ಬಿದ್ದ ಜಾಗ ತಿಳಿಯದ ಕಲ್ಲು, ಸಿಕ್ಕಿದ ಊರು ತಿಳಿಯದ ತಾಮ್ರಪಟದಂತೆ. ಅರ್ಧ ಸಾಕ್ಷಿ ಮಾತ್ರ. ಆದರೂ ಆ ದಿನದ ದಣಿವನ್ನು ನೆನೆದರೆ ಇಬ್ಬರನ್ನೂ ಕಠಿನವಾಗಿ ಆಡಿಕೊಳ್ಳಲು ನಾಲಗೆ ಏಳದು.

ಒಟ್ಟು ತಂದುದು ಸುಮಾರು 42 ಕಿಲೋಗ್ರಾಮು. ಅದರಲ್ಲಿ ಒಂದೇ ಕಲ್ಲು ಒಂಬತ್ತು ಕಿಲೋಗ್ರಾಮಿನಷ್ಟು ಭಾರ. ಅದನ್ನು ಕೋನ್ ಕುಳಿಯ ಸಮೀಪದಲ್ಲಿ ಎತ್ತಿಕೊಂಡರು. ಮೊದಲನೆಯ ಮಹಾಯುದ್ಧದ ಜರ್ಮನ್ ಫಿರಂಗಿಯ ಹೆಸರನ್ನೇ ಇಟ್ಟು ಅದನ್ನು 'ಬಿಗ್ ಬರ್ಥಾ' ಎಂದು ಕರೆಯುತ್ತಾರೆ. ಒಡೆದು ನೋಡಿದಾಗ, ಕಲ್ಲುಗಳು ಬಹುತೇಕ ಎಲ್ಲವೂ ಚೂರುಗಳ ಕೂಟವಾಗಿದ್ದುವು: ಹಳೆಯ ಕಲ್ಲಿನ ಚೂರು, ಅದರೊಳಗೆ ಇನ್ನೂ ಹಳೆಯ ಕಲ್ಲಿನ ಚೂರು, ಎಲ್ಲವೂ ಕರಗಿದ ಗಾರೆಯಲ್ಲಿ ಬೆಸೆದವು. ಹಳೆಯ ದೇವಾಲಯಗಳನ್ನು ಕೆಡವಿ ಆ ಕಲ್ಲುಗಳಿಂದಲೇ ಕಟ್ಟಿದ ಕೋಟೆಗೋಡೆಯನ್ನು ನೋಡಿದವರಿಗೆ ಇದರ ಚಿತ್ರ ತಾನೇ ಮೂಡುವುದು. ಲಾವಾ ಹರಿದು ಆದ ದಿಬ್ಬವೆಂಬ ವಾದ ಅಲ್ಲಿಗೆ ಮುಗಿಯಿತು. ಕೋನ್ ಕುಳಿಯು ಸುಮಾರು ಎರಡೂವರೆ ಕೋಟಿ ವರ್ಷದ ಕೆಳಗೆ ಆದುದೆಂದು ತಿಳಿಯಿತು. ಚಂದ್ರನ ಲೆಕ್ಕದಲ್ಲಿ ಇದು ನಿನ್ನೆಯ ಮಾತು. ಚೂರುಗಳ ಕೂಟವಾದ ಕಲ್ಲುಗಳ ಕಾಲವಾದರೋ 385 ಕೋಟಿಯಿಂದ 392 ಕೋಟಿ ವರ್ಷಗಳ ನಡುವೆ ಬಂದಿತು. ಇಂಬ್ರಿಯಮ್ಮಿನ ಅಪ್ಪಳಿಕೆಗೆ ಇಂದು ಹೇಳುವ ಕಾಲ ಮುಖ್ಯವಾಗಿ ಈ ಕಲ್ಲುಗಳಿಂದ ಬಂದುದು.

ಇಷ್ಟರಿಂದ ವಿವಾದ ತೀರಿತೆಂದು ಹೇಳುವಂತಿಲ್ಲ. ದೂರದಿಂದ ಹಾರಿಬಂದ ಕಲ್ಲು ಬಿದ್ದ ಕಡೆಯಲ್ಲಿ ಸುಮ್ಮನೆ ಕುಳಿತುಕೊಳ್ಳುವುದಿಲ್ಲ. ಅಲ್ಲಿಯ ನೆಲವನ್ನೂ ಅಗೆದು ಕಲಸಿಬಿಡುತ್ತದೆ. ಆದುದರಿಂದ ಶೆಪರ್ಡನೂ ಮಿಚೆಲ್ಲನೂ ತಂದ ಚೂರುಗಳಲ್ಲಿ ಇಂಬ್ರಿಯಮ್ಮಿನಿಂದ ಬಂದುವೆಷ್ಟು, ಫ್ರಾ ಮೌರೊ ಸೀಮೆಯ ನಿವಾಸಿಗಳೆಷ್ಟು ಎಂಬ ಪ್ರಶ್ನೆಯನ್ನು 1970ರ ದಶಕದಲ್ಲಿಯೇ ಎತ್ತಿದರು. ಅದರ ಮೇಲಿನ ಚರ್ಚೆ ಇನ್ನೂ ನಡೆದಿದೆ. 2019ರಲ್ಲಿ ಕೆಲವು ವಿದ್ವಾಂಸರು ಬಿಗ್ ಬರ್ಥಾದೊಳಗಿನ ಬೆಣಚುಕಲ್ಲಿನಂತಹ ಸಣ್ಣ ಚೂರೊಂದನ್ನು ಪರೀಕ್ಷಿಸಿ, ಅದು ಸುಮಾರು 400 ಕೋಟಿ ವರ್ಷದ ಹಿಂದೆ ಭೂಮಿಯಲ್ಲಿಯೇ ಹುಟ್ಟಿ, ಯಾವುದೋ ಏಟಿಗೆ ಸಿಡಿದು ಚಂದ್ರನಿಗೆ ಹಾರಿರಬಹುದೆಂದು ಸೂಚಿಸಿದರು. ಎಲ್ಲರೂ ಇದನ್ನು ಒಪ್ಪಿಲ್ಲ. ನಿಜವಾಗಿದ್ದರೆ, ಭೂಮಿಯ ಅತ್ಯಂತ ಹಳೆಯ ಕಲ್ಲುಗಳಲ್ಲಿ ಒಂದನ್ನು ಮನುಷ್ಯರು ಚಂದ್ರನಿಗೆ ಹೋಗಿ ಎತ್ತಿತಂದಂತಾಗುತ್ತದೆ.

ಕೋನ್ ಕುಳಿಯ ಅಂಚಿನ ಮಾತು ಬಹುಕಾಲ ಅನಿಶ್ಚಿತವಾಗಿಯೇ ಇದ್ದಿತು. ಎಷ್ಟು ದೂರದಲ್ಲಿ ಹಿಂದಿರುಗಿದರೆಂದು ಇಬ್ಬರಿಗೂ ತಿಳಿದಿರಲಿಲ್ಲ. ಶೆಪರ್ಡನು 1998ರಲ್ಲಿ ತೀರಿಕೊಂಡನು. 2009ರಲ್ಲಿ ಚಂದ್ರನನ್ನು ಸುತ್ತತೊಡಗಿದ ಅಮೆರಿಕದ ನೌಕೆಯೊಂದು ಆ ಸ್ಥಳದ ಚಿತ್ರಗಳನ್ನು ಕಳುಹಿಸಿತು. ಆಗ ಮಿಚೆಲ್ ಬದುಕಿದ್ದನು. ಇಳಿದ ನೌಕೆಯ ಕೆಳಭಾಗ ಬಿಸಿಲಿನಲ್ಲಿ ನೆರಳು ಚೆಲ್ಲಿ ನಿಂತಿದೆ. ಅಲ್ಲಿಂದ ಪೂರ್ವಕ್ಕೆ ನಡೆದ ಹೆಜ್ಜೆಗಳ ಜಾಡು, ಗಾಳಿ ಮುಟ್ಟದ ಆ ಧೂಳಿನಲ್ಲಿ, ಕಪ್ಪುದಾರದಂತೆ ದಿಬ್ಬವನ್ನು ಹತ್ತುತ್ತದೆ. ಒಂದೆಡೆ ಅನುಮಾನಿಸಿದಂತೆ ಬಾಗುತ್ತದೆ. ಕೋನ್ ಕುಳಿಯ ಬಾಯಿಗೆ ಸುಮಾರು ಮುವ್ವತ್ತು ಮೀಟರು ಇರುವಂತೆ ಹಿಂದಕ್ಕೆ ತಿರುಗುತ್ತದೆ.